ಹಳೆಯ ಸ್ಟೀರಿಯೋ ಯಂತ್ರಗಳ ಜೀರ್ಣೋದ್ಧಾರ

ಧ್ವನಿಮುದ್ರಿಕೆಯ ಒಂದೇ ಗೀರಿನ ಎರಡು ಮಗ್ಗುಲುಗಳಲ್ಲಿ ಎಡಗಿವಿಗೊಂದು, ಬಲಗಿವಿಗೊಂದು ಎಂದು ಎರಡು ನಾದಪ್ರವಾಹಗಳನ್ನು ಕೊರೆದಿರಿಸುವ ಉಪಾಯಕ್ಕೆ ಅಲನ್ ಬ್ಲೂಮ್ಲೈನ್ ಎಂಬ ಆಂಗ್ಲ ತಂತ್ರಜ್ಞನು 1931ರಷ್ಟು ಹಿಂದೆಯೇ ಪೇಟೆಂಟು ಕೋರಿದ್ದನಾದರೂ, ಸ್ಟೀರಿಯೋ ಎಲ್‌ಪಿಗಳು ಅಂಗಡಿಗಳಿಗೆ ಬಂದದ್ದು 1958ರಲ್ಲಿ. ಅಲ್ಲಿಂದ ಮುಂದಿನ ಎರಡು ದಶಕಗಳಲ್ಲಿ ಜಪಾನಿನ ಸಾನ್ಸುಯಿ, ಪಯೋನಿಯರ್, ಟೆಕ್ನಿಕ್ಸ್, ಅಮೆರಿಕದ ಮರಾಂಟ್ಜ್, ಜರ್ಮನಿಯ ಡ್ಯುಯಲ್, ಇಂಗ್ಲೆಂಡಿನ ಗ್ಯಾರಾರ್ಡ್ ಮೊದಲಾದ ಹೆಸರುಗಳನ್ನು ಹೊತ್ತು ಹೊರಬಂದ ಆಂಪ್ಲಿಫೈಯರು, ಟರ್ನ್‌ಟೇಬಲ್ಲು, ಸ್ಪೀಕರುಗಳಲ್ಲಿ ಕೆಲವು, ಕೊಲ್ಲಿ ರಾಷ್ಟ್ರಗಳಿಗೂ ಅಮೆರಿಕಕ್ಕೂ ಹೋಗಿಬಂದವರ ಸಾಮಾನುಗಳೊಡನೆ ನಮ್ಮ ಮನೆಗಳನ್ನೂ ಸೇರಿದವು. ಆ ಅನುಕೂಲವಿಲ್ಲದವರು ಎಚ್‌ಎಂವಿ, ಫಿಲಿಪ್ಸ್ ಕಂಪನಿಗಳ ದೇಶೀಯ ಯಂತ್ರಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನೂ ‘ಬಂಗಾರದ ಮನುಷ್ಯ’ದ ಹಾಡುಗಳನ್ನೂ ಕೇಳಿ ಸಂತೋಷಪಟ್ಟರು. ಕ್ಯಾಸೆಟ್ಟು ಬಂದಿತು, ಸಿ.ಡಿ. ಬಂದಿತು, ಕೊನೆಗೆ ಸಂಗೀತವೆಲ್ಲ ಕೈಯಲ್ಲಿನ ಫೋನಿಗೆ ಇಳಿಯಿತು. ಆ ಯಂತ್ರಗಳು ಅಟ್ಟವನ್ನೇರಿದವು.

ಹೀಗೆ ಅಟ್ಟವನ್ನೇರಿದವುಗಳಲ್ಲಿ ಬಹುಪಾಲು ಇಂದಿಗೂ ಉದ್ಧಾರಯೋಗ್ಯವಾಗಿವೆಯೆಂಬುದೇ ಈ ಲೇಖನದ ಪ್ರತಿಪಾದ್ಯ. ಕಾಲವು ಇಂತಹ ಯಂತ್ರದ ಎಲ್ಲ ಅಂಗಗಳನ್ನೂ ಸಮನಾಗಿ ತಿನ್ನುವುದಿಲ್ಲ. ರಬ್ಬರು, ಸ್ಪಂಜು, ಎಣ್ಣೆ, ಗ್ರೀಸು, ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳೊಳಗಿನ ದ್ರವ, ಸ್ವಿಚ್ಚುಗಳ ಲೋಹದ ಮೇಲ್ಮೈ—ಇವು ಅದಕ್ಕೆ ಮೊದಲು ತುತ್ತಾಗತಕ್ಕವು. ಟ್ರಾನ್ಸ್‌ಫಾರ್ಮರು, ಎರಕದ ಲೋಹ, ಬಹುತೇಕ ರೆಸಿಸ್ಟರುಗಳು ಮತ್ತು ಸಿಲಿಕಾನ್ ಟ್ರಾನ್ಸಿಸ್ಟರುಗಳು ಅರ್ಧಶತಮಾನ ಕಳೆದರೂ ತಮ್ಮ ಕೆಲಸವನ್ನು ಮರೆಯುವುದಿಲ್ಲ. ಆದುದರಿಂದ ಜೀರ್ಣೋದ್ಧಾರದ ಕಲೆಯೆಲ್ಲವೂ ನಶಿಸಿದುದನ್ನು ಗುರುತಿಸಿ ಬದಲಾಯಿಸುವುದರಲ್ಲಿಯೂ, ನಶಿಸದುದರ ಮೇಲೆ ಕೈಯಿಡದಿರುವ ಸಂಯಮದಲ್ಲಿಯೂ ಅಡಗಿದೆ. ನಾನು ಕಂಡ ಕೆಟ್ಟ ಯಂತ್ರಗಳಲ್ಲಿ ಕಾಲದಿಂದ ಕೆಟ್ಟವುಗಳಿಗಿಂತ ಆತುರದ ರಿಪೇರಿಯಿಂದ ಕೆಟ್ಟವುಗಳೇ ಹೆಚ್ಚು.

ಆತುರದ ಮೊದಲ ರೂಪವೆಂದರೆ, ಯಂತ್ರವನ್ನು ಕೆಳಗಿಳಿಸಿದೊಡನೆಯೇ ಪ್ಲಗ್ಗನ್ನು ಗೋಡೆಗೆ ಚುಚ್ಚಿ ನೋಡುವುದು. ಇದನ್ನು ಸರ್ವಥಾ ಮಾಡಕೂಡದು. ಮೊಟ್ಟಮೊದಲು ಹಿಂಬದಿಯ ಫಲಕವನ್ನು ಓದತಕ್ಕದ್ದು. ನಮ್ಮ ಮನೆಗಳ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ ಮಾರಾಟಕ್ಕೆಂದು ಮಾಡಿದ ಯಂತ್ರ 120 ವೋಲ್ಟಿನದು, ಜಪಾನಿನ ಒಳಪೇಟೆಗೆಂದು ಮಾಡಿದುದು 100 ವೋಲ್ಟಿನದು. ಕೆಲವು ಯಂತ್ರಗಳಲ್ಲಿ ವೋಲ್ಟೇಜನ್ನು ಆರಿಸಿಕೊಳ್ಳುವ ತಿರುಗುಗುಂಡಿಯೋ ಚಿಕ್ಕ ಪ್ಲಗ್ಗೋ ಇರುತ್ತದೆ; ಇಲ್ಲವಾದರೆ ಯಂತ್ರದ ವಾಟೇಜಿಗಿಂತ ಧಾರಾಳವಾದ ಸಾಮರ್ಥ್ಯವುಳ್ಳ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ಬೇಕು. ಟರ್ನ್‌ಟೇಬಲ್ಲಿನ ವಿಷಯದಲ್ಲಿ ಇಷ್ಟೇ ಸಾಲದು. ಹಳೆಯ ಬೆಲ್ಟು ಹಾಗೂ ರಬ್ಬರುಗಾಲಿಯ ಬಹುತೇಕ ಯಂತ್ರಗಳ ಮೋಟಾರಿನ ವೇಗವು ವಿದ್ಯುತ್ತಿನ ಆವರ್ತನವನ್ನೇ ಅನುಸರಿಸುವುದರಿಂದ, 60 ಹರ್ಟ್ಸಿಗೆಂದು ಮಾಡಿದ ಅಮೆರಿಕದ ಯಂತ್ರವು ವೋಲ್ಟೇಜನ್ನು ಸರಿಪಡಿಸಿದ ಬಳಿಕವೂ ನಮ್ಮಲ್ಲಿ ನಿಮಿಷಕ್ಕೆ ಮೂವತ್ಮೂರೂ ಮೂರನೆಯ ಒಂದು ಸುತ್ತಿನ ಬದಲು ಸುಮಾರು 27.8 ಸುತ್ತು ಮಾತ್ರ ತಿರುಗುತ್ತದೆ. ಶ್ರುತಿಯು ಮೂರು ಸ್ವರಸ್ಥಾನಗಳಷ್ಟು ಕೆಳಗಿಳಿದು, ಗಾಯಕಿಯ ಕಂಠವು ಗಾಯಕನದಾಗಿಬಿಡುತ್ತದೆ. ಇದಕ್ಕೆ ಮದ್ದು ಟ್ರಾನ್ಸ್‌ಫಾರ್ಮರಲ್ಲ, 50 ಹರ್ಟ್ಸಿನ ಪುಲ್ಲಿ. ಹಾಗೆಯೇ ಜಪಾನಿನ ಒಳಪೇಟೆಯ ರಿಸೀವರುಗಳ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸಿನವರೆಗೆ ಮಾತ್ರ ಇದ್ದು, ನಮ್ಮ ಬಹುತೇಕ ಕೇಂದ್ರಗಳು ಅದರಾಚೆಗಿರುವುದರಿಂದ, ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳುವುದು ಮೇಲು.

ಫಲಕವನ್ನೋದಿದ ಮೇಲೆ ಮುಚ್ಚಳವನ್ನು ತೆಗೆಯಬೇಕು. ಬಿಚ್ಚುವ ಪ್ರತಿಯೊಂದು ಹಂತದಲ್ಲಿಯೂ ಫೋಟೋ ತೆಗೆದಿಡುವುದನ್ನು ಅಭ್ಯಾಸ ಮಾಡಿಕೊಂಡವನಿಗೆ ಮರುಜೋಡಣೆಯಲ್ಲಿ ತೊಂದರೆಯಿಲ್ಲ. ಒಳಗೆ ಧೂಳಿನ ಹಾಸು, ಕಣಜದ ಮಣ್ಣುಗೂಡು, ಒಣಗಿದ ಹಲ್ಲಿ—ಏನೂ ಇರಬಹುದು. ಮೃದುವಾದ ಬಣ್ಣದ ಬ್ರಷ್ಷು ಮತ್ತು ಬ್ಲೋಯರಿನಿಂದ ಇವನ್ನೆಲ್ಲ ತೆಗೆದ ನಂತರ ಒಳ್ಳೆಯ ಬೆಳಕಿನಲ್ಲಿ, ಅವಸರವಿಲ್ಲದೆ, ಬರಿಗಣ್ಣಿನಿಂದ ಪರೀಕ್ಷಿಸಬೇಕು. ತಲೆಯುಬ್ಬಿದ ಕಂಡೆನ್ಸರು, ಬುಡದಲ್ಲಿ ಒಸರಿದ ದ್ರವ, ಕಪ್ಪುಗಟ್ಟಿದ ರೆಸಿಸ್ಟರು, ಬಿರುಕುಬಿಟ್ಟ ಬೆಸುಗೆ—ಇವು ತಾವಾಗಿಯೇ ಕಾಣುತ್ತವೆ. ಕಾಣಿಸಿಯೂ ಜನ ಗಮನಿಸದಿರುವುದು ಇನ್ನೊಂದುಂಟು: ಜಪಾನಿನ ಹಲವು ಕಾರ್ಖಾನೆಗಳು ದೊಡ್ಡ ಕಂಡೆನ್ಸರುಗಳನ್ನು ಅಲುಗಾಡದಂತೆ ಹಿಡಿದಿಡಲು ಹಳದಿ ಬಣ್ಣದ ಒಂದು ಅಂಟನ್ನು ಬಳಸುತ್ತಿದ್ದವು. ಅದು ವರ್ಷಗಳು ಕಳೆದಂತೆ ಕಂದಾಗಿ, ಸುತ್ತಲಿನ ತಂತಿಕಾಲುಗಳನ್ನು ತಿನ್ನುವುದಲ್ಲದೆ ತಾನೇ ಅಲ್ಪಸ್ವಲ್ಪ ವಿದ್ಯುತ್ತನ್ನು ಹರಿಯಗೊಡುವುದರಿಂದ, ಎಷ್ಟು ತಾಳ್ಮೆ ಬೇಕಾದರೂ ಸರಿಯೆ, ಅದನ್ನು ಕೆರೆದು ತೆಗೆಯಲೇಬೇಕು. ಯೂರೋಪಿನ ಯಂತ್ರಗಳಲ್ಲಿ ವಿದ್ಯುತ್ ಪ್ರವೇಶಿಸುವ ಸ್ಥಳದಲ್ಲಿ ಪಾರದರ್ಶಕ ಹೊದಿಕೆಯ ಕಾಗದದ ಕಂಡೆನ್ಸರೊಂದು ಇದ್ದರೆ, ಅದರ ಮೈ ಬಿರುಕುಬಿಟ್ಟಿದ್ದರೆ, ಇನ್ನೂ ಕೆಲಸಮಾಡುತ್ತಿದೆಯೆಂಬ ದಾಕ್ಷಿಣ್ಯವನ್ನು ತೋರದೆ ಕಿತ್ತುಹಾಕಿರಿ. ತೇವವನ್ನು ಹೀರಿಕೊಂಡ ಅಂತಹವು ಒಂದು ದಿನ ಹೊಗೆಯುಗುಳಿ ಸಿಡಿಯುವುವು.

ಇಲ್ಲಿ ಪ್ರಾಣದ ಮಾತು. ಪ್ಲಗ್ಗನ್ನು ಕಿತ್ತ ಬಳಿಕವೂ ದೊಡ್ಡ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ವಿನ ಆಂಪ್ಲಿಫೈಯರುಗಳಲ್ಲಿ ಅದು 300-400 ವೋಲ್ಟಿನಷ್ಟಿದ್ದು, ಮನುಷ್ಯನನ್ನು ಕೊಲ್ಲಲು ಸಾಕಾಗುತ್ತದೆ. ಸ್ಕ್ರೂಡ್ರೈವರಿನಿಂದ ಎರಡು ಕಾಲುಗಳನ್ನು ಮುಟ್ಟಿಸಿ ಕಿಡಿಹಾರಿಸುವ ಅಂಗಡಿಯ ರೂಢಿ ಕಂಡೆನ್ಸರಿಗೂ ಒಳ್ಳೆಯದಲ್ಲ, ಕೈಗೂ ಒಳ್ಳೆಯದಲ್ಲ. ಒಂದೆರಡು ಸಾವಿರ ಓಮಿನ, ಹತ್ತು ವಾಟಿನ ರೆಸಿಸ್ಟರಿಗೆ ಹೊದಿಕೆಯಿರುವ ತಂತಿಗಳನ್ನು ಬೆಸೆದು, ಅದರ ಮೂಲಕ ನಿಧಾನವಾಗಿ ಬರಿದುಮಾಡಿ, ಮಲ್ಟಿಮೀಟರು ಒಂದು ವೋಲ್ಟಿಗಿಂತ ಕಡಿಮೆಯೆಂದು ತೋರಿಸಿದ ಮೇಲಷ್ಟೇ ಒಳಗೆ ಬೆರಳಿಡತಕ್ಕದ್ದು. ವಾಲ್ವಿನ ಯಂತ್ರವನ್ನು ಹೊಸಬರು ಅನುಭವಿಯೊಬ್ಬರ ಸಮಕ್ಷಮದಲ್ಲಲ್ಲದೆ ಮುಟ್ಟದಿರುವುದೇ ಲೇಸು.

ವಿದ್ಯುತ್ತನ್ನು ಮೊದಲ ಬಾರಿ ಕೊಡುವಾಗ ನಮ್ಮ ರೇಡಿಯೋ ರಿಪೇರಿಯವರು ತಲೆತಲಾಂತರದಿಂದ ನೆಚ್ಚಿಕೊಂಡು ಬಂದಿರುವ ಸೀರೀಸ್ ಬಲ್ಬಿಗಿಂತ ಉತ್ತಮ ಕಾವಲುಗಾರ ಬೇರೊಬ್ಬನಿಲ್ಲ. ಫೇಸ್ ತಂತಿಯ ನಡುವೆ ಒಂದು ಬಲ್ಬ್ ಹೋಲ್ಡರನ್ನು ಸೇರಿಸಿ, ಅದರಲ್ಲಿ 60 ಇಲ್ಲವೆ 100 ವಾಟಿನ ಹಳೆಯ ಕಾಲದ ತಂತಿಬಲ್ಬನ್ನು ಹಾಕಿ—ಎಲ್‌ಇಡಿ ಬಲ್ಬು ಇದಕ್ಕೆ ಒದಗುವುದಿಲ್ಲ—ಸ್ಪೀಕರುಗಳನ್ನು ಜೋಡಿಸದೆಯೇ ಯಂತ್ರವನ್ನು ಅದರ ಮೂಲಕ ಹಚ್ಚಬೇಕು. ಬಲ್ಬು ಒಮ್ಮೆ ಪ್ರಜ್ವಲಿಸಿ, ಕಂಡೆನ್ಸರುಗಳು ತುಂಬಿದಂತೆ ಮಂಕಾದರೆ ಒಳಗೆ ದೊಡ್ಡ ಅನಾಹುತವೇನೂ ಇಲ್ಲ. ಪೂರ್ಣಕಾಂತಿಯಿಂದ ಉರಿಯುತ್ತಲೇ ಇದ್ದರೆ ಎಲ್ಲಿಯೋ ಶಾರ್ಟ್ ಆಗಿದೆಯೆಂದೇ ಅರ್ಥ. ಆಗ ಸುಡಬೇಕಾಗಿದ್ದ ಟ್ರಾನ್ಸ್‌ಫಾರ್ಮರಿನ ಬದಲು ಬಲ್ಬು ಉರಿದು ಯಂತ್ರವನ್ನು ಉಳಿಸಿರುತ್ತದೆ. ಫ್ಯೂಸು ಹೋಗಿದ್ದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿರಿ. ಅದರ ಸ್ಥಾನದಲ್ಲಿ ತಾಮ್ರದ ಎಳೆಯನ್ನು ಸುತ್ತುವವನು ಮನೆಗೆ ಬೆಂಕಿಯನ್ನು ಆಹ್ವಾನಿಸುತ್ತಾನೆ.

ಇನ್ನು ಕಂಡೆನ್ಸರುಗಳನ್ನು ಬದಲಾಯಿಸುವ ವಿಚಾರ. ಯಂತ್ರ ಹಳೆಯದೆಂಬ ಒಂದೇ ಕಾರಣಕ್ಕೆ ಅದರೊಳಗಿನ ಅಷ್ಟೂ ಕಂಡೆನ್ಸರುಗಳನ್ನು ಕಿತ್ತು ಹೊಸದನ್ನು ಬೆಸೆಯುವ ಉತ್ಸಾಹವು ಈಚೆಗೆ ಹಬ್ಬಿದೆ. ನಾನು ಇದನ್ನು ಒಪ್ಪುವುದಿಲ್ಲ. ವಿದ್ಯುತ್ ಸರಬರಾಜಿನ ಎಲೆಕ್ಟ್ರೋಲಿಟಿಕ್‌ಗಳು, ಟ್ರಾನ್ಸಿಸ್ಟರುಗಳ ಶಾಖಕ್ಕೆ ಒಡ್ಡಿಕೊಂಡು ನಿಂತವು, ಮಾಪನದಲ್ಲಿ ದುರ್ಬಲವೆಂದು ಸಿದ್ಧವಾದವು—ಇವನ್ನು ನಿಸ್ಸಂಕೋಚವಾಗಿ ಬದಲಾಯಿಸಬೇಕು. ಫಿಲ್ಮ್ ಮತ್ತು ಸೆರಾಮಿಕ್ ಕಂಡೆನ್ಸರುಗಳು ಸಾಮಾನ್ಯವಾಗಿ ಕೆಡುವುದೇ ಇಲ್ಲ. ಅವುಗಳನ್ನು ಕೀಳುವಾಗ ಹಳೆಯ ಬೋರ್ಡಿನ ತಾಮ್ರದ ಪಟ್ಟಿ ಎದ್ದುಬರುವ ಅಪಾಯವೇ ಲಾಭಕ್ಕಿಂತ ಹೆಚ್ಚು. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜು ಅಷ್ಟೇ ಅಥವಾ ಹೆಚ್ಚಾಗಿರಲಿ, ಶಾಖಸಹನೆ 105 ಡಿಗ್ರಿಯದಾಗಿರಲಿ; ಮೈಮೇಲಿನ ಪಟ್ಟೆಯ ಕಡೆಯದು ಋಣಕಾಲೆಂಬುದನ್ನು ಎರಡೆರಡು ಸಲ ನೋಡಿಕೊಳ್ಳಿರಿ, ತಿರುವುಮುರುವಾದರೆ ಅದು ಸಿಡಿಯುತ್ತದೆ. ಒಂದನ್ನು ತೆಗೆದು ಒಂದನ್ನು ಹಾಕಿ, ನಾಲ್ಕೈದಾದ ಬಳಿಕ ಸೀರೀಸ್ ಬಲ್ಬಿನ ಮೂಲಕ ಹಚ್ಚಿ ಪರೀಕ್ಷಿಸುವವನಿಗೆ ತಪ್ಪು ಎಲ್ಲಿ ನುಸುಳಿತೆಂದು ಹುಡುಕುವ ಕಷ್ಟವಿರುವುದಿಲ್ಲ. ಬೆಸುಗೆಗೆ ತವರ 63, ಸೀಸ 37 ಭಾಗದ ತಂತಿ ಒಳ್ಳೆಯದು; ಅದು 183 ಡಿಗ್ರಿಯಲ್ಲಿ ಕರಗಿ ತಟ್ಟನೆ ಗಟ್ಟಿಯಾಗುವುದರಿಂದ ಸಂಧಿಯು ಅಲುಗಾಡಿ ಸಡಿಲವಾಗುವ ಸಂಭವ ಕಡಿಮೆ.

ಬಿಡಿಭಾಗಗಳಿಗೆ ಬೆಂಗಳೂರಿನವರು ಎಸ್.ಪಿ. ರಸ್ತೆಗೆ ಹೋಗುವರು, ಅಲ್ಲಿ ಸಿಕ್ಕದಿರುವುದು ಕಡಿಮೆಯಾದರೂ, 2ಎನ್3055ರಂತಹ ಪ್ರಸಿದ್ಧ ಪವರ್ ಟ್ರಾನ್ಸಿಸ್ಟರುಗಳಿಗೂ ಹೆಸರಾಂತ ಜಪಾನೀ ಕಂಡೆನ್ಸರುಗಳಿಗೂ ನಕಲಿಗಳು ಧಾರಾಳವಾಗಿರುವುದರಿಂದ ಅತಿ ಅಗ್ಗವಾದುದನ್ನು ಶಂಕೆಯಿಂದ ನೋಡಬೇಕು. ನಮ್ಮ ದೇಶದಲ್ಲೇ ತಯಾರಾದ ಹಳೆಯ ಆಂಪ್ಲಿಫೈಯರುಗಳನ್ನು ಬಿಚ್ಚಿದವರಿಗೆ ಬಿಇಎಲ್ ಎಂಬ ಮುದ್ರೆಯ ವಾಲ್ವು, ಟ್ರಾನ್ಸಿಸ್ಟರುಗಳು ಕಂಡಿರಬಹುದು. ಜಾಲಹಳ್ಳಿಯ ಆ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಕನ್ನಡನಾಡಿನಲ್ಲಿ ಹುಟ್ಟಿದ ಆ ಪುಟ್ಟ ವಸ್ತುಗಳು ಇನ್ನೂ ಕೆಲಸಮಾಡುತ್ತಿದ್ದರೆ ಅವನ್ನು ಅಲ್ಲಿಯೇ ಇರಗೊಡಿರಿ.

ವಾಲ್ಯೂಮನ್ನು ತಿರುಗಿಸಿದಾಗ ಕೇಳುವ ಕರಕರ ಶಬ್ದಕ್ಕೂ, ಒಂದು ಕಡೆಯ ಸ್ಪೀಕರು ಆಗಾಗ ಮೌನವಾಗುವುದಕ್ಕೂ ಹೆದರಬೇಕಾದುದಿಲ್ಲ. ಬಹುಪಾಲು ಅದು ಕಂಟ್ರೋಲುಗಳ ಒಳಮೈಯ ಕೊಳೆ ಮತ್ತು ಕಿಲುಬು. ಎಲೆಕ್ಟ್ರಾನಿಕ್ ಉಪಯೋಗಕ್ಕೆಂದೇ ಮಾಡಿದ ಕಾಂಟ್ಯಾಕ್ಟ್ ಕ್ಲೀನರನ್ನು, ವಿದ್ಯುತ್ತಿಲ್ಲದಾಗ, ಕಂಟ್ರೋಲಿನ ಹಿಂಬದಿಯ ಸಂದಿಯಲ್ಲಿ ಸ್ವಲ್ಪವೇ ಚಿಮುಕಿಸಿ, ಗುಂಡಿಯನ್ನು ಹಲವಾರು ಬಾರಿ ಆದ್ಯಂತ ತಿರುಗಿಸಿ, ಆರಲು ಬಿಟ್ಟರೆ ಸಾಕು. ತುಕ್ಕು ಬಿಡಿಸುವ ಸಾಮಾನ್ಯ ಎಣ್ಣೆಯ ಸ್ಪ್ರೇ ಇದಕ್ಕೆ ವರ್ಜ್ಯ. ಅದು ಜಿಡ್ಡನ್ನುಳಿಸಿ ಧೂಳನ್ನು ಸೆಳೆಯುತ್ತದೆ. ಹಚ್ಚಿದ ಕೆಲವು ಕ್ಷಣಗಳ ಬಳಿಕ ‘ಟಕ್’ ಎಂದು ಸದ್ದುಮಾಡಿ ಸ್ಪೀಕರನ್ನು ಜೋಡಿಸುವ ರಿಲೇಯ ತುದಿಗಳೂ ಹೀಗೆಯೇ ಕಿಲುಬುವುವು. ಕ್ಲೀನರಿನಲ್ಲಿ ತೊಯಿಸಿದ ಕಾಗದದ ಪಟ್ಟಿಯನ್ನು ನಡುವೆ ಎಳೆಯುವುದು ಸಾಧು, ಮರಳುಕಾಗದ ಕೂಡದು.

ಸ್ಪೀಕರುಗಳನ್ನು ಜೋಡಿಸುವ ಮೊದಲು ಒಂದು ಮಾಪನ ಉಂಟು; ಇದನ್ನು ಬಿಟ್ಟವನು ಸ್ಪೀಕರನ್ನು ಪಣಕ್ಕಿಟ್ಟಂತೆ. ಯಂತ್ರವು ಹತ್ತು ನಿಮಿಷ ಕಾದ ಬಳಿಕ ಸ್ಪೀಕರಿನ ತಿರುಪುಗಳ ನಡುವೆ ಡಿ.ಸಿ. ಮಿಲಿವೋಲ್ಟನ್ನು ಅಳೆಯಿರಿ. 50ಕ್ಕಿಂತ ಕಡಿಮೆಯಿದ್ದರೆ ನಿಶ್ಚಿಂತೆ. 100ನ್ನು ದಾಟಿದ್ದರೆ ಕಾರಣವನ್ನು ಹುಡುಕಬೇಕು. ಕೆಲವು ವೋಲ್ಟುಗಳೇ ಇದ್ದರೆ ಔಟ್‌ಪುಟ್ ವಿಭಾಗದಲ್ಲಿ ದೋಷವಿದೆಯೆಂದು ತಿಳಿದು ಸ್ಪೀಕರನ್ನು ದೂರವಿರಿಸಬೇಕು. ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಸಂಗೀತವಿಲ್ಲದಾಗಲೂ ಹರಿಯುವ ಅಲ್ಪ ಪ್ರವಾಹಕ್ಕೆ ಬಯಾಸ್ ಎನ್ನುವರು. ಅದನ್ನು ಆ ಟ್ರಾನ್ಸಿಸ್ಟರುಗಳ ಪಕ್ಕದ ಸಣ್ಣ ಮೌಲ್ಯದ ರೆಸಿಸ್ಟರುಗಳ ಮೇಲೆ ಅಳೆಯುವುದು ಕ್ರಮ. ಉದಾಹರಣೆಗೆ ಅರ್ಧ ಓಮಿನ ರೆಸಿಸ್ಟರಿನ ಮೇಲೆ 10 ಮಿಲಿವೋಲ್ಟ್ ಕಂಡರೆ ಹರಿಯುತ್ತಿರುವುದು 20 ಮಿಲಿಆಂಪಿಯರು. ಎಷ್ಟಿರಬೇಕೆಂಬುದು ಆಯಾ ಯಂತ್ರದ ಸರ್ವಿಸ್ ಕೈಪಿಡಿಯಲ್ಲಿದೆ. ಪ್ರಸಿದ್ಧ ಯಂತ್ರಗಳ ಕೈಪಿಡಿಗಳು ಇಂದು ಸುಲಭವಾಗಿ ದೊರೆಯುವುದರಿಂದ ಅದನ್ನೋದದೆ ಒಳಗಿನ ಚಿಕ್ಕ ಟ್ರಿಮ್ಮರನ್ನು ತಿರುಗಿಸುವುದಕ್ಕೆ ಸಮರ್ಥನೆಯೇ ಇಲ್ಲ. ಕಿಲುಬಿದ ಟ್ರಿಮ್ಮರು ತಿರುಗಿಸುವಾಗ ಒಂದು ಕ್ಷಣ ಸಂಪರ್ಕ ತಪ್ಪಿದರೂ, ಸರ್ಕೀಟಿನ ರಚನೆಗೆ ಅನುಸಾರವಾಗಿ ಪ್ರವಾಹವು ಮಿತಿಮೀರಿ ಟ್ರಾನ್ಸಿಸ್ಟರು ಸುಡಬಹುದು.

ಆಂಪ್ಲಿಫೈಯರಿಗಿಂತ ಟರ್ನ್‌ಟೇಬಲ್ಲಿನ ಕೆಲಸ ನನಗೆ ಹೆಚ್ಚು ಪ್ರಿಯವಾದುದು. ಇಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ತಿಳಿಯುತ್ತದೆ. ಹಳೆಯ ಗ್ರೀಸು ಗಟ್ಟಿಯಾಗಿ ಮೇಣದಂತಾಗುವುದೇ ಇದರ ಬಹುತೇಕ ರೋಗಗಳ ಮೂಲ: ತಾನಾಗಿ ಏಳಬೇಕಾದ ತೋಳು ಏಳದು, ವೇಗ ಬದಲಾಗದು, ತಟ್ಟೆ ಎಳೆದೆಳೆದು ತಿರುಗುವುದು. ಹಳೆಯ ಜಿಡ್ಡನ್ನು ಪೂರ್ಣವಾಗಿ ಒರೆಸಿ ತೆಗೆದ ಮೇಲೆಯೇ ಹೊಸ ಎಣ್ಣೆಯನ್ನು ಹಾಕತಕ್ಕದ್ದು. ಹಳೆಯದರ ಮೇಲೆಯೇ ಹೊಸದನ್ನು ಸುರಿದರೆ ಎರಡೂ ಕೆಟ್ಟವು. ನಡುವಿನ ಬೇರಿಂಗಿಗೆ ತೆಳುವಾದ ಯಂತ್ರದೆಣ್ಣೆಯ ಕೆಲವು ಹನಿ, ಜಾರುವ ಸನ್ನೆಗೋಲುಗಳಿಗೆ ಅಲ್ಪ ಗ್ರೀಸು, ರಬ್ಬರಿಗೆ ಏನೂ ಇಲ್ಲ. ಗ್ಯಾರಾರ್ಡ್ 301, 401ರಂತಹ ಗಾಲಿಯ ಯಂತ್ರಗಳಲ್ಲಿ ಆ ರಬ್ಬರುಗಾಲಿಯ ಅಂಚು ಗಟ್ಟಿಯಾಗಿಯೋ ಒಂದೆಡೆ ಚಪ್ಪಟೆಯಾಗಿಯೋ ಇದ್ದರೆ ಗುಡುಗುಡು ಶಬ್ದ ಸಂಗೀತದ ಕೆಳಗೆ ಸದಾ ಕೇಳುತ್ತಿರುತ್ತದೆ. ಹೊಸಗಾಲಿಯೊಂದೇ ಅದಕ್ಕೆ ಪರಿಹಾರ. ಡ್ಯುಯಲ್ ಯಂತ್ರಗಳ ಆಟೋಮ್ಯಾಟಿಕ್ ತೋಳು ತಟ್ಟೆಯ ಮೇಲೆ ಸರಿಯಾದ ಎಡೆಯಲ್ಲಿ ಇಳಿಯದಿದ್ದರೆ, ಯಂತ್ರದೊಳಗಿನ ಒಂದು ಸನ್ನೆಗೋಲಿನ ತುದಿಯ ಅಕ್ಕಿಕಾಳಿನಷ್ಟು ಚಿಕ್ಕ ರಬ್ಬರು ಕರಗಿಹೋಗಿರುವುದೇ ಸಾಮಾನ್ಯ ಕಾರಣ. ತಂತಿಯ ಮೇಲಿನ ಪ್ಲಾಸ್ಟಿಕ್ ಕೊಳವೆಯ ತುಣುಕೊಂದನ್ನು ಅಲ್ಲಿ ತೊಡಿಸಿದರೆ ಸಾಕು, ತೋಳು ಮರಳಿ ತನ್ನ ದಾರಿಯನ್ನು ಹಿಡಿಯುತ್ತದೆ. ವೇಗವನ್ನು ಪರೀಕ್ಷಿಸಲು, 180 ಗೆರೆಗಳ ಸ್ಟ್ರೋಬ್ ತಟ್ಟೆಯನ್ನು ನಮ್ಮ 50 ಹರ್ಟ್ಸಿನ ನಿಯಾನ್ ದೀಪದ ಬೆಳಕಿನಲ್ಲಿ ತಿರುಗಿಸಿದಾಗ ಗೆರೆಗಳು ನಿಂತಂತೆ ಕಾಣಬೇಕು.

ಮುಳ್ಳಿನ ವಿಷಯದಲ್ಲಿ ಜಿಪುಣತನ ಕೂಡದು. ಸವೆದ ಮುಳ್ಳು ಪ್ರತಿಯೊಂದು ಸಲವೂ ಧ್ವನಿಮುದ್ರಿಕೆಯನ್ನು ಉಳುತ್ತದೆ. ಮುಳ್ಳು ಮತ್ತೆ ಸಿಕ್ಕುವುದು, ಅಜ್ಜ ಕೊಂಡ ಮುದ್ರಿಕೆ ಸಿಕ್ಕದು. ವಜ್ರದ ಮುಳ್ಳಿನ ಆಯುಸ್ಸು ಸುಮಾರು 500ರಿಂದ 1000 ಗಂಟೆ, ನೀಲಮಣಿಯದು ಅದರಲ್ಲಿ ಅತ್ಯಲ್ಪಾಂಶ. ಸ್ಟೀರಿಯೋ ಎಲ್‌ಪಿಯ ಮುಳ್ಳಿನ ತುದಿ 0.7 ಮಿಲ್ (ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ), 78 ವೇಗದ ಅರಗಿನ ತಟ್ಟೆಗಳದು 3 ಮಿಲ್. ಒಂದರಿಂದ ಇನ್ನೊಂದನ್ನು ನುಡಿಸಬಾರದು. ಅಯಸ್ಕಾಂತೀಯ ಕಾರ್ಟ್‌ರಿಜ್ಜಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಗ್ರಾಂ ಭಾರ ಸಾಕು. ಹಳೆಯ ಸೆರಾಮಿಕ್‌ಗಳು ನಾಲ್ಕರಿಂದ ಆರು ಗ್ರಾಂ ಕೇಳುತ್ತವೆ. ಇವೆರಡರ ಜಾತಿಯೇ ಬೇರೆ. ಅಯಸ್ಕಾಂತೀಯದು ಕೆಲವೇ ಮಿಲಿವೋಲ್ಟುಗಳನ್ನು ಕೊಡುವುದರಿಂದ ಅದನ್ನು ಆಂಪ್ಲಿಫೈಯರಿನ ಫೋನೋ ಕಿಂಡಿಗೆ ಜೋಡಿಸಬೇಕು, ಸೆರಾಮಿಕ್ಕಿನದನ್ನು ಜೋಡಿಸಬಾರದು. ಕಾರ್ಟ್‌ರಿಜ್ಜಿನ ನಾಲ್ಕು ಎಳೆಗಳಲ್ಲಿ ಬಿಳಿ ಮತ್ತು ನೀಲಿ ಎಡಗಡೆಯವು, ಕೆಂಪು ಮತ್ತು ಹಸಿರು ಬಲಗಡೆಯವು. ತಟ್ಟೆಗಳನ್ನು ತೊಳೆಯುವವರಿಗೆ ಒಂದು ಎಚ್ಚರಿಕೆ: ಎಲ್‌ಪಿಯ ಶುಚಿಗೆಂದು ಮಾರುವ ಆಲ್ಕೊಹಾಲಿನ ದ್ರಾವಣವನ್ನು 78ರ ತಟ್ಟೆಗೆ ಹಚ್ಚಿದರೆ ಅದರ ಅರಗು ಕರಗಿ, ಹಾಡು ಶಾಶ್ವತವಾಗಿ ಅಳಿಸಿಹೋಗುತ್ತದೆ.

ಸ್ಪೀಕರುಗಳಲ್ಲಿ ಕೆಡುವುದು ಬಹುತೇಕ ಕೋನಿನ ಸುತ್ತಲಿನ ಸ್ಪಂಜಿನ ಉಂಗುರ. ಕರಾವಳಿ, ಮಲೆನಾಡುಗಳ ತೇವಕ್ಕೆ ಅದು ಇನ್ನೂ ಬೇಗ ಪುಡಿಯಾಗುತ್ತದೆ. ಕೋನು, ವಾಯ್ಸ್ ಕಾಯಿಲು ಚೆನ್ನಾಗಿದ್ದರೆ ಇಡೀ ಸ್ಪೀಕರನ್ನು ಎಸೆಯುವುದು ಅನ್ಯಾಯ. ಅಳತೆಗೆ ಸರಿಯಾದ ಹೊಸ ಉಂಗುರವನ್ನು ತರಿಸಿ, ಹಳೆಯ ಅಂಟನ್ನು ಪೂರ್ತಿಯಾಗಿ ಕೆರೆದು, ಮೊದಲು ಕೋನಿಗೂ ಅದು ಒಣಗಿದ ಬಳಿಕ ಲೋಹದ ಚೌಕಟ್ಟಿಗೂ ಅಂಟಿಸಬೇಕು. ಎರಡನೆಯ ಅಂಟು ಹಸಿಯಾಗಿರುವಾಗಲೇ ಕೋನನ್ನು ಬೆರಳುಗಳಿಂದ ಸಮವಾಗಿ ಒತ್ತಿ ಬಿಡುತ್ತ, ಕಾಯಿಲು ಎಲ್ಲಿಯೂ ಉಜ್ಜುತ್ತಿಲ್ಲವೆಂದು ಕಿವಿಯಿಟ್ಟು ಖಚಿತಪಡಿಸಿಕೊಳ್ಳಬೇಕು. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ ಎರಡೂ ಸ್ಪೀಕರುಗಳ ಕೋನು ಒಂದೇ ದಿಕ್ಕಿಗೆ ಚಲಿಸುವುದನ್ನು ನೋಡಿಕೊಂಡರೆ ಧನ-ಋಣಗಳ ಗೊಂದಲವೂ ಉಳಿಯದು. ಕ್ಯಾಸೆಟ್ ಡೆಕ್ಕುಗಳಲ್ಲಿ ಬೆಲ್ಟು ಟಾರಿನಂತೆ ಕರಗಿರುತ್ತದೆ. ಒರೆಸಿ ಹೊಸದನ್ನು ಹಾಕಿ, ಹೆಡ್ಡನ್ನೂ ರಬ್ಬರುಗಾಲಿಯನ್ನೂ ಶುಚಿಮಾಡಿದರೆ ಬಹಳಷ್ಟು ನುಡಿಯತೊಡಗುವುವು.

ಹೊರಮೈಗೆ ಸಾಬೂನುನೀರಿನ ಒದ್ದೆಬಟ್ಟೆಗಿಂತ ತೀಕ್ಷ್ಣವಾದುದು ಬೇಡ. ಅಲ್ಯೂಮಿನಿಯಂ ಮುಖಫಲಕದ ಅಕ್ಷರಗಳು ತೆಳುವಾದ ಮುದ್ರಣವಾದುದರಿಂದ ಆಲ್ಕೊಹಾಲು, ಪಾಲಿಷುಗಳಿಂದ ಅಳಿಸಿಹೋಗುತ್ತವೆ. ಹೋದ ಅಕ್ಷರ ಮರಳದು. ಮರದ ಕವಚಕ್ಕೆ ಅಗಸೆಯೆಣ್ಣೆಯನ್ನು ತೆಳುವಾಗಿ ಸವರಬಹುದು, ಆದರೆ ಆ ಬಟ್ಟೆಯನ್ನು ಮುದುರಿ ಎಸೆಯದೆ ಬಿಡಿಸಿ ಒಣಗಿಸಿರಿ; ಮುದ್ದೆಯಾಗಿದ್ದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು.

ಎಲ್ಲವನ್ನೂ ಉದ್ಧರಿಸಲೇಬೇಕೆಂದು ನಾನು ಹೇಳುವುದಿಲ್ಲ. ಟ್ರಾನ್ಸ್‌ಫಾರ್ಮರು ಸುಟ್ಟ ಸಾಧಾರಣ ಯಂತ್ರ, ಇಡೀ ಆಂಪ್ಲಿಫೈಯರನ್ನು ಎಸ್‌ಟಿಕೆ ಎಂಬ ಹೆಸರಿನ ಒಂದೇ ಐ.ಸಿ. ಗಟ್ಟಿಯೊಳಗೆ ಅಡಕಮಾಡಿಕೊಂಡು ಆ ಗಟ್ಟಿಯ ಅಸಲಿಯೇ ಪೇಟೆಯಲ್ಲಿ ಸಿಕ್ಕದ ಯಂತ್ರ, ಹಲ್ಲುಮುರಿದ ಪ್ಲಾಸ್ಟಿಕ್ ಚಕ್ರಗಳ ಅಗ್ಗದ ಮ್ಯೂಸಿಕ್ ಸಿಸ್ಟಮ್ಮು—ಇವುಗಳ ಮೇಲೆ ಹಣವನ್ನೂ ದಿನಗಳನ್ನೂ ವ್ಯಯಿಸುವುದಕ್ಕಿಂತ ಬೇರೆ ಯಂತ್ರಕ್ಕೆ ಬಿಡಿಭಾಗಗಳಾಗಿ ಅವನ್ನು ಉಪಯೋಗಿಸುವುದೇ ವಿಹಿತ. ಉಳಿದವುಗಳು ಶ್ರಮಕ್ಕೆ ತಕ್ಕವು. ಸಿದ್ಧವಾದ ಯಂತ್ರವನ್ನು ಮತ್ತೆ ಪೆಟ್ಟಿಗೆಗೆ ಸೇರಿಸದೆ ವಾರಕ್ಕೊಮ್ಮೆಯಾದರೂ ಒಂದು ಗಂಟೆ ನುಡಿಸಿರಿ, ಮಳೆಗಾಲದಲ್ಲಿ ವಿಶೇಷವಾಗಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಮುಚ್ಚಳವನ್ನು ಹಾಕುವ ಮೊದಲು, ಯಾವ ಭಾಗವನ್ನು ಯಾವ ದಿನ ಬದಲಾಯಿಸಿದಿರಿ, ಬಯಾಸು ಎಷ್ಟು ಮಿಲಿವೋಲ್ಟಿಗೆ ನಿಂತಿತು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಸ್ಪಷ್ಟವಾಗಿ ಬರೆದು ಒಳಗೋಡೆಗೆ ಅಂಟಿಸಿ, ಕಿತ್ತ ಹಳೆಯ ಭಾಗಗಳನ್ನು ಲಕೋಟೆಯೊಂದರಲ್ಲಿ ಹಾಕಿ ಜೊತೆಯಲ್ಲಿಡಿರಿ. ಮುಂದೆ ಇದನ್ನು ಬಿಚ್ಚುವವರಿಗೆ ಅವೆರಡೂ ಬೇಕಾಗುತ್ತವೆ.